ಡ್ರಮ್ ತೊಳೆಯಲಾಯಿತು

‘ಬೆಳಿಗ್ಗೆ 6.40. ಡ್ರಮ್ ತೊಳೆಯಲಾಯಿತು.’

ಅಕ್ಷರ ನನ್ನದು. ಕೆಳಗಿನ ಸಹಿಯೂ ನನ್ನದೇ. ಈ ಒಂದು ಸಾಲಿನಿಂದ ನನ್ನ ತಂಗಿಯ ಮಗಳ ಪಿಎಚ್.ಡಿ. ಒಂದು ವರ್ಷ ಹಿಂದಕ್ಕೆ ಹೋಗಿದೆ.

ಶ್ರುತಿಯದು ಕೆಮಿಕಲ್ ಎಂಜಿನಿಯರಿಂಗ್. ಕಾಫಿ ಹಣ್ಣು ಸುಲಿದಾಗ ಹರಿಯುವ ಪಲ್ಪರ್ ನೀರನ್ನು ಶುದ್ಧ ಮಾಡುವುದು ಅವಳ ವಿಷಯ. (ಆ ನೀರಿನ ವಾಸನೆ ಗೊತ್ತಿರುವವರಿಗೆ ಅವಳ ಧೈರ್ಯವೂ ಗೊತ್ತಾದೀತು.) ಇದು ಐದನೇ ವರ್ಷ. ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ, ಪಲ್ಪರ್ ಮನೆಯ ಹಿಂದೆ ನೀಲಿ ಡ್ರಮ್ಮೊಂದನ್ನು ಇಟ್ಟು ಎರಡು ತಿಂಗಳಿಂದ ಅದರ ಮುಂದೆಯೇ ಕೂತಿದ್ದಳು.

ಗೈಡ್ ಕರೆದರೆಂದು ನಾಲ್ಕು ದಿನ ಹೋಗಬೇಕಾಯಿತು.

‘ಮಾವ, ದಿನಾ ಆರಕ್ಕೆ ಒಂದು ಬಕೆಟ್ ಪಲ್ಪರ್ ನೀರು ಹಾಕಿ, ಈ ಪುಸ್ತಕದಲ್ಲಿ ಟೆಂಪರೇಚರ್ ಬರೆದಿಡಿ. ಅಷ್ಟೇ ಸಾಕು.’

ಅಷ್ಟಕ್ಕೇ ನಿಲ್ಲುವವನೇ ನಾನು? ಎಸ್ಟೇಟ್ ಮ್ಯಾನೇಜರ್ ಆಗಿ ನಿವೃತ್ತನಾದವನು. ಪಲ್ಪರ್ ನಿಂತ ಕೂಡಲೇ ತೊಟ್ಟಿ ತೊಳೆಸದ ಮೇಸ್ತ್ರಿಗೆ ನನ್ನಿಂದ ಏನು ಸಿಗುತ್ತಿತ್ತೆಂದು ಊರಿಗೇ ಗೊತ್ತು. ಮೂರನೇ ದಿನ ನೋಡುತ್ತೇನೆ, ಡ್ರಮ್ಮಿನ ಒಳಗೆಲ್ಲ ಕಂದು ಲೋಳೆ! ಪಾಪ, ಓದುವ ಹುಡುಗಿ, ತಿಕ್ಕಲು ಪುರುಸೊತ್ತಾಗಿಲ್ಲ ಅಂದುಕೊಂಡೆ. ಬ್ಲೀಚಿಂಗ್ ಪೌಡರ್ ಹಾಕಿ ನಾನೇ ಉಜ್ಜಿದೆ. ಹೊಸ ನೀರು ತುಂಬಿಸಿದೆ. ಪುಸ್ತಕದಲ್ಲಿ ಬರೆದೆ.

ಶ್ರುತಿ ಬಂದಳು. ಓದಿದಳು. ಡ್ರಮ್ಮಿನೊಳಗೆ ಇಣುಕಿದಳು. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು.

‘ಏನಾಯ್ತೇ ಮಾರಾಯ್ತಿ?’

‘ಮಾವ, ಅದು ಗಲೀಜಲ್ಲ. ಬ್ಯಾಕ್ಟೀರಿಯಾ. ನೀರು ಕ್ಲೀನ್ ಮಾಡ್ತಿದ್ದದ್ದೇ ಅದು.’

‘ಮತ್ತೆ ಬೆಳೆಸಿದ್ರಾಯ್ತಲ್ಲ?’

‘ಎರಡು ತಿಂಗಳು ಬೇಕು. ನಿಮ್ಮ ಪಲ್ಪಿಂಗ್ ಇನ್ನೆಷ್ಟು ದಿನ?’

ಒಂದು ವಾರ. ಆಮೇಲೆ ಹಣ್ಣು ಮುಂದಿನ ಡಿಸೆಂಬರಿಗೇ. ಅವಳ ಫೆಲೋಶಿಪ್ಪೋ, ಜೂನಿಗೆ ಮುಗಿಯುತ್ತದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ‘ನಿಮ್ಮ ರೀಡಿಂಗ್ ಮಾತ್ರ ಎಷ್ಟು ನೀಟಾಗಿದೆ ಮಾವ’ ಅಂದಳು.

ಈಗಲೂ ಐದಕ್ಕೇ ಎಚ್ಚರವಾಗುತ್ತದೆ. ಎದ್ದು ಏನು ತೊಳೆಯಲಿ? ಹಾಸಿಗೆಯಲ್ಲೇ ಬಿದ್ದಿರುತ್ತೇನೆ.

ಮೊನ್ನೆ ಕೊಟ್ಟಿಗೆಹಾರದಲ್ಲಿ ನಂಟರ ಮನೆಯ ನಿಶ್ಚಿತಾರ್ಥ. ಊಟದ ಪಂಕ್ತಿಯಲ್ಲೇ ಹಿರಿಯರೊಬ್ಬರು ಶ್ರುತಿಯನ್ನು ಹಿಡಿದು ಶುರು ಮಾಡಿದರು.

‘ಏನಮ್ಮಾ, ಇನ್ನೂ ಮುಗೀಲಿಲ್ವಾ ನಿನ್ನ ಓದು? ಎಂತ ಮಾಡ್ತೀ ಇಷ್ಟು ವರ್ಷ?’

(ಪ್ರತಿ ಭಾನುವಾರ ಫೋನಿನಲ್ಲಿ ನಾನು ಕೇಳುತ್ತಿದ್ದುದೂ ಇದನ್ನೇ.)

‘ಇನ್ನೊಂದು ವರ್ಷ ಆಗುತ್ತೆ ದೊಡ್ಡಪ್ಪ’ ಎಂದು ನಕ್ಕಳು. ಕಾರಣ ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಪಕ್ಕದ ಎಲೆಯಲ್ಲೇ ಕೂತಿದ್ದ ನಾನು ಏನು ಮಾಡಿದೆ ಗೊತ್ತೆ? ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ.