ಅದಲುಬದಲಾದ ಫೋನುಗಳು

ಇವತ್ತು ನೀರು ಹಿಡಿದೆ, ಅಕ್ಕಿ ಆರಿಸಿದೆ, ಮಗಳ ಯೂನಿಫಾರಮ್ಮಿಗೆ ಇಸ್ತ್ರಿ ಹಾಕಿದೆ. ಆಮೇಲೆ ಗೋರೆಗಾಂವಿಗೆ ಹೋಗಿ ತೀರಿಕೊಂಡ ನಮ್ಮ ಜನರಲ್ ಮ್ಯಾನೇಜರರ ಮುಖ ಕೊನೆಯ ಸಲ ನೋಡಿ ಬಂದೆ. ಬಲಗಿವಿಯ ಹಿಂದೆ ಸದಾ ಮೋಟು ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದರು. ಅಲ್ಲಿ ಸಣ್ಣ ಗೆರೆಯೊಂದು ಹಾಗೇ ಉಳಿದಿತ್ತು.

ಧಾರವಾಡದ ಕಡೆಯವರು. ಮುಂಬಯಿಯ ಜೋಗೇಶ್ವರಿಯಲ್ಲಿದ್ದ ನಮ್ಮ ಪಂಪು ಕಾರ್ಖಾನೆಗೆ ಅವರು ಬಂದಾಗ ನಾನು ಟೆಲಿಫೋನ್ ಆಪರೇಟರ್. ಸೇಲ್ಸ್ ಮ್ಯಾನೇಜರೂ ಪ್ರೊಡಕ್ಷನ್ ಮ್ಯಾನೇಜರೂ ಎದುರುಬದುರು ಕ್ಯಾಬಿನ್ನಿನಲ್ಲಿದ್ದೂ ಮಾತು ಬಿಟ್ಟಿದ್ದರು. ಸೇಲ್ಸಿನವರು ಕೇಳದೆಯೇ ಗಿರಾಕಿಗೆ ಮಾಲು ಕೊಡುವ ತಾರೀಖು ಹೇಳುವುದು, ಪ್ರೊಡಕ್ಷನ್‌ನವರು ಗಡಿಬಿಡಿಯಲ್ಲಿ ಸೋರುವ ಪಂಪು ಕಳಿಸುವುದು. ದೀಪಾವಳಿಯೊಳಗೆ ಸರಿಹೋಗದಿದ್ದರೆ ಕಾರ್ಖಾನೆಗೆ ಬೀಗ ಹಾಕುತ್ತೇನೆಂದು ಮಾಲೀಕ ಸೇಠ್ ಹೇಳಿಬಿಟ್ಟರು. ನನ್ನ ಗಂಡ ಕೆಲಸ ಮಾಡುತ್ತಿದ್ದ ಮಿಲ್ಲು ಆಗಲೇ ಮುಚ್ಚಿತ್ತು; ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ.

ಒಂದು ಸೋಮವಾರ ಜನರಲ್ ಮ್ಯಾನೇಜರ್ ಸಾಹೇಬರು ನನ್ನ ಟೆಲಿಫೋನ್ ಬೋರ್ಡಿನ ಬಳಿ ಬಂದರು. "ತಂಗಿ, ಇವತ್ತಿಂದ ಸೇಲ್ಸಿಗೆ ಬಂದ ಫೋನು ಪ್ರೊಡಕ್ಷನ್‌ಗೆ ಕೊಡು. ಅವರದು ಇವರಿಗೆ ಕೊಡು."

"ನನ್ನನ್ನ ಬೈದು ಹಾಕ್ತಾರೆ ಸರ್."

"ಬೈಲಿ. ಜನರಲ್ ಮ್ಯಾನೇಜರಿಗೆ ತಲಿ ಕೆಟ್ಟದ ಅಂತ ಹೇಳು."

ಬೈದರು. ಸೇಲ್ಸಿನವರಂತೂ ಬಾಗಿಲಲ್ಲಿ ನಿಂತು, ಕಿವಿಗೆ ಎಣ್ಣೆ ಬಿಟ್ಟುಕೋ ಎಂದು ಹಿಂದಿಯಲ್ಲಿ ಕೂಗಾಡಿದರು. ನಾನು ಸಾಹೇಬರು ಹೇಳಿದ ಹಾಗೇ ಮಾಡಿದೆ. ಗಿರಾಕಿಗಳ ಬೈಗುಳ ಪ್ರೊಡಕ್ಷನ್‌ನವರ ಕಿವಿಗೆ ಬಿತ್ತು. "ಎರಕ ಇನ್ನೂ ಆರಿಲ್ಲ, ನಾಳೆಗೆ ಹೇಗೆ ಕೊಡಲಿ?" ಎಂಬ ಫೌಂಡ್ರಿಯವನ ಗೋಳು ಸೇಲ್ಸಿನವರ ಕಿವಿಗೆ.

ವಾರ ತುಂಬುವ ಮೊದಲೇ ಪ್ರೊಡಕ್ಷನ್‌ನವರು ಹಣೆ ಒರೆಸುತ್ತಾ ಎದುರಿನ ಕ್ಯಾಬಿನ್ನಿಗೆ ನಡೆದರು.

"ಆ ನಾಸಿಕದ ಗಿರಾಕಿ ದಿನಾ ಹೀಗೇ ಬೈತಾನಾ?"

"ದಿನಾ. ನಿಮ್ಮ ಪಾಲಿನದನ್ನೂ ನಾನೇ ತಿಂತಿದ್ದೆ."

ಇಬ್ಬರೂ ನಕ್ಕದ್ದು ನನ್ನ ಬೋರ್ಡಿನ ತನಕ ಕೇಳಿಸಿತು. ಆಮೇಲೆ ಒಬ್ಬರನ್ನೊಬ್ಬರು ಕೇಳದೆ ತಾರೀಖು ಹೋಗಲಿಲ್ಲ, ಪರೀಕ್ಷೆಯಾಗದೆ ಪಂಪೂ ಹೋಗಲಿಲ್ಲ. ದೀಪಾವಳಿಗೆ ಬೀಗ ಬೀಳಲಿಲ್ಲ, ಪೇಡೆ ಹಂಚಿದರು. ಸೇಠ್ ಹೊಗಳಿದಾಗ ಸಾಹೇಬರು ನನ್ನತ್ತ ಕೈ ತೋರಿಸಿದರಂತೆ. ಯಾಕೆಂದು ನಾನು ಕೇಳಿದ್ದಕ್ಕೆ, "ಕೆಳಗಿನ ಕೈ ಮೊದಲಿಂದನೂ ಚಲೋನ ದುಡೀತಿದ್ವು. ಮ್ಯಾಲಿನ ಬಾಯಿ ಕೂಡಸಬೇಕಿತ್ತು, ನೀ ಕೂಡಿಸಿದಿ" ಎಂದರು. ಅಂಥವರ ಕೈಕೆಳಗೆ ದುಡಿದೆ ಎನ್ನಲು ನನಗೆ ಇವತ್ತಿಗೂ ಎದೆಯುಬ್ಬುತ್ತದೆ.

ಇವತ್ತು ಗೋರೆಗಾಂವಿನ ಅವರ ಮನೆಯಲ್ಲಿ ಆ ಇಬ್ಬರು ಮ್ಯಾನೇಜರುಗಳೂ ಮನೆಮಕ್ಕಳ ಹಾಗೆ ಓಡಾಡುತ್ತಿದ್ದರು.

ಬಂದು ತಲೆಗೆ ಸ್ನಾನ ಮಾಡಿ, ಅನ್ನ, ತಿಳಿಸಾರು ಮಾಡಿದೆ. ಉಣ್ಣುತ್ತಾ ಗಂಡನಿಗೂ ಮಗಳಿಗೂ ಇದನ್ನೆಲ್ಲ ಹೇಳಿದೆ. "ಭಯ ಆಗ್ಲಿಲ್ವಾ ಅಮ್ಮಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಗಳು ಕೈ ತೊಳೆದು ಮಲಗಿಬಿಟ್ಟಳು. ಅವಳಪ್ಪ ಮಾತ್ರ, "ಇನ್ನೊಂದು ಸಲ ಹೇಳು" ಎಂದರು.