ಪಿ.ಟಿ. ಟೀಚರ ವ್ಯಾನು

ಹೋದ ತಿಂಗಳು ಸೀತಾಂಗೋಳಿಯ ಪೆಟ್ರೋಲ್ ಬಂಕಿನಲ್ಲಿ ನನ್ನ ಪಕ್ಕ ಒಂದು ಹಳೆಯ ಓಮ್ನಿ ಬಂದು ನಿಂತಿತು. ಒಣಮೀನು ಮಾರುವವರ ಗಾಡಿ. ಹಿಂದಿನ ಬಾಗಿಲು ಅರ್ಧ ತೆರೆದಿತ್ತು. ಬಿಸಿಲಿಗೆ ಕಾದ ರೆಕ್ಸಿನ್, ಅದರೊಳಗೆ ಎಂದೋ ಕೂತುಹೋದ ಒಣಸಿಗಡಿ, ಎರಡರ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುವವರೆಗೆ ನನಗೆ ಎಚ್ಚರವೇ ಇರಲಿಲ್ಲ.

ಅದು ನಮ್ಮ ಪಿ.ಟಿ. ಟೀಚರ ವ್ಯಾನಿನ ವಾಸನೆ. ಅವರ ವ್ಯಾನೂ ಮೊದಲು ಒಣಮೀನಿನ ವ್ಯಾಪಾರಿಯೊಬ್ಬರದ್ದಾಗಿತ್ತು. ಸೋಪಿನ ನೀರು ಹೊಯ್ದು ತೊಳೆದರೂ, ಲಿಂಬೆಸಿಪ್ಪೆ ತಿಕ್ಕಿದರೂ ಹೋಗಲಿಲ್ಲ. "ಇರ್ಲಿ ಬಿಡು, ಕಡಲಿನ ಬದಿಗೆ ಹೋಗುವ ಗಾಡಿಗೆ ಮಲ್ಲಿಗೆ ಪರಿಮಳ ಯಾಕೆ?" ಎನ್ನುತ್ತಿದ್ದರು ಟೀಚರ್.

ನಾನು ಕಲಿತ ಕನ್ನಡ ಶಾಲೆಯಲ್ಲಿ ಅವರು ಆಟ ಕಲಿಸುತ್ತಿದ್ದರು. ಕುತ್ತಿಗೆಯಲ್ಲಿ ಸೀಟಿ, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ. ಹುಡುಗಿಯರು ಓಡುವಾಗ ಬದಿಯಲ್ಲಿ ನಿಂತು ಯಾರಾದರೂ ನಕ್ಕರೆ ಬೈಯುತ್ತಿರಲಿಲ್ಲ. ನಕ್ಕವನನ್ನು ಮೈದಾನಕ್ಕೆ ಕರೆದು ನಮ್ಮೊಟ್ಟಿಗೆ ಓಡಿಸುತ್ತಿದ್ದರು. ಎರಡು ಸುತ್ತಿಗೆ ಅವನ ನಗು ನಿಲ್ಲುತ್ತಿತ್ತು. ಟೀಚರಿಗೆ ಮದುವೆಯಾಗಿರಲಿಲ್ಲ. ಅಣ್ಣನ ಮನೆಯಲ್ಲಿ ಒಂದು ಕೋಣೆ ಅವರದ್ದು. ನಿವೃತ್ತಿಯಾದಾಗ, ಇನ್ನು ಅಣ್ಣನ ಮೊಮ್ಮಕ್ಕಳನ್ನು ನೋಡಿಕೊಂಡು ಇರುತ್ತಾರೆ ಅಂತ ಎಲ್ಲರೂ ಅವರ ಪರವಾಗಿ ತೀರ್ಮಾನ ಮಾಡಿಬಿಟ್ಟಿದ್ದರು.

ಅದಾಗಿ ಎರಡು ತಿಂಗಳಿಗೆ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದರು. ಆಗ ನನ್ನ ಗಂಡ ದುಬೈಯಲ್ಲಿದ್ದರು. ನಾನು, ಎರಡನೆಯ ತರಗತಿಯ ಮಗಳು, ಅತ್ತೆ, ಕುಂಬಳೆಯ ಹತ್ತಿರದ ಮನೆಯಲ್ಲಿ. ಜಗಲಿಯಲ್ಲಿ ಮೆಷಿನ್ ಇಟ್ಟುಕೊಂಡು ಹೊಲಿಗೆ ಮಾಡುತ್ತಿದ್ದೆ. ಟೀಚರ ಕೈಯಲ್ಲಿ ದಪ್ಪ ನೀಲಿ ಬಟ್ಟೆಯ ಸುರುಳಿ ಇತ್ತು.

"ಆರು ಕಿಟಕಿಗೆ ಪರದೆ ಹೊಲಿದು ಕೊಡ್ಬೇಕು. ಅಳತೆ ಬರೆದು ತಂದಿದ್ದೇನೆ."

"ಇಷ್ಟು ಸಣ್ಣ ಕಿಟಕಿಯಾ? ಯಾವ ಮನೆಗೆ ಟೀಚರ್?"

"ಮನೆಗಲ್ಲ, ವ್ಯಾನಿಗೆ. ಅದರಲ್ಲೇ ಮಲಗುದು."

ಒಳಗಿನಿಂದ ಅತ್ತೆ ಚಾ ತಂದವರು ಹಾಗೆಯೇ ನಿಂತರು. ಟೀಚರ್ ನಿಧಾನಕ್ಕೆ ವಿವರಿಸಿದರು. ಹಿಂದಿನ ಸೀಟು ಕಿತ್ತು ಹಲಗೆಯ ಮಂಚ ಮಾಡಿಸಿದ್ದಾರೆ, ಅದರಡಿಯಲ್ಲಿ ಒಲೆ ಮತ್ತು ನೀರಿನ ಕ್ಯಾನು. ತಲಪಾಡಿಯ ಗಡಿಯಿಂದ ಜಿಲ್ಲೆಯ ತೆಂಕಣ ಕೊನೆಯವರೆಗೆ ಕಡಲಿನ ಬದಿಯ ರಸ್ತೆಯಲ್ಲೇ ಹೋಗುವುದು. ಲಾಡ್ಜಿಲ್ಲ, ರಿಸಾರ್ಟಿಲ್ಲ, ಎಲ್ಲಿ ಕತ್ತಲಾಗುತ್ತದೋ ಅಲ್ಲಿ. ಅವರು ಹೋದ ಮೇಲೆ ಅತ್ತೆ, "ಟೀಚರಿಗೆ ತಲೆ ಸರಿ ಉಂಟಾ?" ಎಂದರು. ನಾನು ಪರದೆಯ ಅಂಚು ಮಡಚುತ್ತಾ ಕೂತೆ... ಆ ನಾಲ್ಕು ದಿನ ಬೇರೆ ಯಾರ ರವಿಕೆಯೂ ಹೊಲಿಯಲಿಲ್ಲ.

ಪರದೆ ಒಯ್ಯಲು ಬಂದಾಗ ಅವರು ಕೇಳಿದರು: "ನೀನು ಬರ್ತೀಯಾ? ನಾಲ್ಕು ರಾತ್ರಿ."

"ಮನೆಯಲ್ಲಿ ಕೇಳ್ಬೇಕು ಟೀಚರ್."

"ಕೇಳ್ತೀಯಾ, ಹೇಳ್ತೀಯಾ?"

ನಾನು ಮೊದಲು ಕೇಳಿದೆ. ಫೋನಿನಲ್ಲಿ ಗಂಡ "ಅಮ್ಮನನ್ನು ಕೇಳು" ಎಂದರು. ಅತ್ತೆ "ಅವನನ್ನು ಕೇಳು" ಎಂದರು. ಎರಡು ದಿನ ಹೀಗೆಯೇ ಆಚೆ ಈಚೆ ಓಡಾಡಿದೆ. ಮೂರನೆಯ ದಿನ ಹೇಳಿದೆ. ಅತ್ತೆ ಒಗೆದ ಬಟ್ಟೆಗಳನ್ನೆಲ್ಲ ಮಡಚಿಟ್ಟರು. ಆಮೇಲೆ, "ಮಗು ನನ್ನ ಹತ್ತಿರ ಇರ್ಲಿ. ಆದ್ರೆ ನಾಲ್ಕು ಜನ ಕೇಳಿದ್ರೆ ನಾನೆಂತ ಹೇಳುದು?" ಎಂದರು.

"ಟೀಚರೊಟ್ಟಿಗೆ ಹೋಗಿದ್ದಾಳೆ ಅಂತ ಹೇಳಿ ಅತ್ತೆ."

ಅದು ಡಿಸೆಂಬರ್ ರಜೆ. ಹೆದ್ದಾರಿ ಅಗಲ ಮಾಡುವ ಕೆಲಸ ಆಗಷ್ಟೇ ಶುರುವಾಗಿತ್ತು, ಎಲ್ಲಿ ನೋಡಿದರೂ ಕೆಂಪು ಧೂಳು. ತಲಪಾಡಿಯ ಹತ್ತಿರ ಪಶ್ಚಿಮಕ್ಕೆ ತಿರುಗಿದ್ದೇ ಧೂಳು ಹಿಂದೆ ಉಳಿಯಿತು. ಕಣ್ವತೀರ್ಥದ ಹತ್ತಿರ ಮೊದಲ ನಿಲುಗಡೆ. ನನಗಿದ್ದ ದೊಡ್ಡ ಹೆದರಿಕೆ ಕಳ್ಳರದ್ದಲ್ಲ, ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಅಂತ. ಟೀಚರ್ ಅದಕ್ಕೂ ಪಟ್ಟಿ ಮಾಡಿದ್ದರು: ಯಾವ ಬಂಕಿನಲ್ಲಿ ಶೌಚಾಲಯ ಚೊಕ್ಕ ಉಂಟು, ಯಾವ ರೈಲ್ವೆ ಸ್ಟೇಷನ್ನಿನಲ್ಲಿ ನೀರು ಬರುತ್ತದೆ ಎಂದೆಲ್ಲ. ಅವರಿಗೆ ಕೆಲವು ನಿಯಮಗಳಿದ್ದವು. ಬೆಳಕಿರುವಾಗಲೇ ತಲುಪಬೇಕು. ತೆಂಗಿನ ಮರದ ಅಡಿ ನಿಲ್ಲಿಸಬಾರದು. ಹೊರಟ ಮೇಲೆ ನಾವು ಅಲ್ಲಿದ್ದೆವು ಅಂತ ಗೊತ್ತಾಗಬಾರದು. ಎಲ್ಲಕ್ಕಿಂತ ಮೊದಲು, ಹತ್ತಿರದ ಮನೆಗೆ ಹೋಗಿ ಕುಡಿಯುವ ನೀರು ಕೇಳಬೇಕು. "ನೀರು ಕೊಟ್ಟವರು ಮತ್ತೆ ಓಡಿಸುದಿಲ್ಲ," ಎನ್ನುತ್ತಿದ್ದರು.

ಎರಡನೆಯ ಸಂಜೆ ಕುಂಬಳೆ ದಾಟಿ ಸಿಗುವ ಒಂದು ಕಡಲತೀರಕ್ಕೆ ತಲುಪಿದೆವು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರಿಗೆ ಮುಜುಗರ ಆಗುವುದು ಬೇಡ. ಸೂಜಿಯೆಲೆಯ ಗಾಳಿಮರಗಳ ಸಾಲು, ಅದರ ಹಿಂದೆ ಮೀನುಗಾರರ ಮನೆಗಳು. ಮೊದಲ ಮನೆಯ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಒಂದು ಕೊಡ ನೀರು ಕೊಟ್ಟರು. ನಾವು ವ್ಯಾನಿನ ಬಾಗಿಲ ಬಳಿ ಒಲೆ ಹಚ್ಚಿ ಗಂಜಿಗೆ ಇಟ್ಟೆವು. ಅಷ್ಟರಲ್ಲಿ ಎರಡು ಬೈಕಿನಲ್ಲಿ ಮೂವರು ಗಂಡಸರು ಬಂದರು. ಮಾತು ತುಳುವಿನಲ್ಲಿ ನಡೆಯಿತು.

"ಒಟ್ಟಿಗೆ ಗಂಡಸರು ಯಾರಿದ್ದಾರೆ?" ಅವರಲ್ಲಿ ಹಿರಿಯವನು ಕೇಳಿದ.

"ಯಾರೂ ಇಲ್ಲ," ಎಂದರು ಟೀಚರ್.

"ಹಾಗಾದ್ರೆ ಇಲ್ಲಿ ನಿಲ್ಲಿಕ್ಕಾಗುದಿಲ್ಲ. ಮನೆಗಳಿರುವ ಜಾಗ. ನಾಳೆ ಏನಾದ್ರೂ ಆದ್ರೆ ಊರಿಗೆ ಕೆಟ್ಟ ಹೆಸರು."

"ಎಂತ ಆಗ್ತದೆ?"

"ಏನಾದ್ರೂ," ಎಂದ ಮತ್ತೆ.

"ಏನಾದ್ರೂ ಮಾಡುವವರು ಯಾರೂಂತ ನಿಮಗೆ ಗೊತ್ತುಂಟಾದ್ರೆ ಅವರಿಗೆ ಹೋಗಿ ಹೇಳಿ. ನಾವು ಗಂಜಿ ಉಣ್ಲಿಕ್ಕೆ ಕೂತವರು."

ಅವನು ಫೋನ್ ಮಾಡಿದ. ಸೂರ್ಯ ನೀರಿಗೆ ಮುಟ್ಟುವ ಹೊತ್ತಿಗೆ ಪೊಲೀಸ್ ಜೀಪು ಬಂತು. ಎಸ್‌.ಐ. ತೆಂಕಣ ಜಿಲ್ಲೆಯ ಯುವಕ, ಮಲಯಾಳದಲ್ಲಿ ಮಾತಾಡಿದರು. ಟೀಚರೂ ಮಲಯಾಳದಲ್ಲೇ ಉತ್ತರಿಸಿದರು. ಲೈಸೆನ್ಸ್, ವ್ಯಾನಿನ ದಾಖಲೆ ಎಲ್ಲ ಸರಿಯಿತ್ತು. ಅತ್ತೆಗೆ ಗೊತ್ತಾದರೆ, ದುಬೈಗೆ ಗೊತ್ತಾದರೆ... "ಟೀಚರ್, ಹೋಗುವ," ಎಂದೆ ಮೆಲ್ಲಗೆ. ಅವರು ಸೌಟು ನನ್ನ ಕೈಗೆ ಕೊಟ್ಟು, "ಗಂಜಿ ಅಡಿ ಹಿಡೀತದೆ, ನೋಡು," ಎಂದರು.

"ಟೀಚರೇ, ನಿಮ್ಮ ಒಳ್ಳೆಯದಕ್ಕೇ ಹೇಳುವುದು. ಪೇಟೆಯಲ್ಲಿ ಲಾಡ್ಜ್ ಉಂಟಲ್ಲ," ಎಂದರು ಎಸ್‌.ಐ.

"ಆಯ್ತು. ಇಲ್ಲಿ ಯಾಕೆ ಇರಬಾರದು ಅಂತ ಕಾರಣ ಬರೆದು ಸೈನ್ ಹಾಕಿ ಕೊಡಿ. ಈಗಲೇ ಹೊರಡ್ತೇನೆ."

ಎಸ್‌.ಐ. ಲೈಸೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿದರು. ಬರೆಯುವಂಥ ಕಾರಣ ಒಂದೂ ಇರಲಿಲ್ಲ.

ಆಗ ನೀರು ಕೊಟ್ಟ ಹೆಂಗಸು ಬಂದರು. "ಅಕ್ಕ, ವ್ಯಾನನ್ನು ನಮ್ಮ ಅಂಗಳಕ್ಕೆ ತನ್ನಿ. ನಮ್ಮ ನೆಂಟರು ಅಂತ ಹೇಳಿದ್ರಾಯ್ತು." ನನಗೆ ಜೀವ ಬಂದಂತಾಯಿತು. ಎಸ್‌.ಐ. ಮುಖವೂ ಸಡಿಲವಾಯಿತು. ಎಲ್ಲರ ಮರ್ಯಾದೆಯೂ ಉಳಿಯುವ ದಾರಿ ಅದು. ಟೀಚರ್ ಮಾತ್ರ ತಲೆಯಾಡಿಸಲಿಲ್ಲ.

"ನಿನ್ನ ಮನಸ್ಸು ದೊಡ್ಡದು ತಂಗಿ. ಆದ್ರೆ ನಾನು ಇವತ್ತು ನಿನ್ನ ಅಂಗಳಕ್ಕೆ ಬಂದ್ರೆ, ನಾಳೆ ಬರುವ ಹೆಂಗಸೂ ಒಂದು ಅಂಗಳ ಹುಡುಕ್ಬೇಕು. ಕಡಲಿನ ಬದಿ ಕೂರ್ಲಿಕ್ಕೆ ನೆಂಟಸ್ತಿಕೆ ಬೇಕಾ?"

ಆ ಹೆಂಗಸು ಟೀಚರನ್ನು ಒಂದು ಗಳಿಗೆ ನೋಡಿ, ಮನೆಯ ಕಡೆ ನಡೆದರು. ಬೇಸರವಾಯಿತೆಂದುಕೊಂಡೆ. ಇದ್ದ ಒಂದು ಆಸರೆಯನ್ನೂ ಕಳೆದರಲ್ಲ ಅಂತ ಟೀಚರ ಮೇಲೆ ನನಗೆ ಸಿಟ್ಟೇ ಬಂತು. ಆದರೆ ಆ ಹೆಂಗಸು ತಿರುಗಿ ಬಂದರು, ಕಂಕುಳಲ್ಲಿ ಚಾಪೆ, ಕೈಯಲ್ಲಿ ಮೀನುಸಾರಿನ ಪಾತ್ರೆ, ಹಿಂದೆ ಪಕ್ಕದ ಮನೆಯ ಇನ್ನಿಬ್ಬರು ಹೆಂಗಸರು. ವ್ಯಾನಿನ ಮುಂದೆ ಚಾಪೆ ಹಾಸಿ ಕೂತರು. ನೀರು ಕೊಟ್ಟವರು ಬೈಕಿನಲ್ಲಿ ಬಂದ ಹಿರಿಯವನ ಕಡೆ ತಿರುಗಿ, "ನಾವೂ ಇಲ್ಲೇ ಕೂತ್ಕೊಳ್ತೇವೆ. ನಮಗೂ ಗಾಳಿ ಬೇಕು. ನೀನು ಮನೆಗೆ ಹೋಗು, ಅಕ್ಕಿ ನೆನೆಹಾಕಿದ್ದೇನೆ, ಗ್ರೈಂಡರಿಗೆ ಹಾಕು," ಎಂದರು. ಅವನು ಅವರ ಮೈದುನ ಅಂತ ನಮಗೆ ಗೊತ್ತಾದದ್ದೇ ಆಗ. ಮೊದಲು ನಕ್ಕವರು ಎಸ್‌.ಐ. ಆಮೇಲೆ ಲೈಸೆನ್ಸ್ ವಾಪಸು ಕೊಟ್ಟು, ಠಾಣೆಯ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದುಕೊಟ್ಟು ಹೋದರು.

ಗಂಜಿಗೆ ಮೀನುಸಾರು ಹಾಕಿಕೊಂಡು ಐದು ಜನ ಉಂಡೆವು. ಆ ಮೂವರು ಹೆಂಗಸರಲ್ಲಿ ಒಬ್ಬರು ಹೇಳಿದರು: "ಹುಟ್ಟಿದ್ದು ಇಲ್ಲೇ, ಮದುವೆಯಾದದ್ದೂ ಇಲ್ಲೇ. ಈ ಹೊತ್ತಿಗೆ ಹೀಗೆ ಕೆಲಸ ಇಲ್ಲದೆ ಇಲ್ಲಿ ಕೂತದ್ದು ಇದೇ ಮೊದಲು." ಟೀಚರ್ ಚಾಪೆಯಲ್ಲಿ ಸ್ವಲ್ಪ ಸರಿದು ಕೂತು, ಅವರಿಗೆ ಕಾಲು ಚಾಚಲು ಜಾಗ ಮಾಡಿಕೊಟ್ಟರು.

ಮುಂದಿನ ಎರಡು ದಿನ ಬೇಕಲ, ನೀಲೇಶ್ವರ... ಅಲ್ಲಿ ನೋಡಿದ್ದರಲ್ಲಿ ಎಷ್ಟೋ ಮರೆತಿದ್ದೇನೆ. ನೆನಪಿರುವುದು, ಬೇಕಲದ ಆಚೆ ಒಂದು ಖಾಲಿ ರಸ್ತೆಯಲ್ಲಿ ಅವರು ವ್ಯಾನು ನಿಲ್ಲಿಸಿ ಇಳಿದು, "ಈಚೆ ಬಾ," ಎಂದು ಸ್ಟಿಯರಿಂಗಿನ ಹಿಂದೆ ನನ್ನನ್ನು ಕೂರಿಸಿದ್ದು. ಮುಂದಿನ ಓಣಂ ಹೊತ್ತಿಗೆ ನನಗೂ ಲೈಸೆನ್ಸ್ ಸಿಕ್ಕಿತು. ಮತ್ತೆ ಮೂರು ಸಲ ನಾವು ಹೀಗೆ ಹೋದೆವು. ಕೊನೆಯ ಸಲ ಅತ್ತೆಯೇ ಉಪ್ಪಿನಕಾಯಿಯ ಬಾಟಲಿ ಕಟ್ಟಿಕೊಟ್ಟರು.

ಅದಾದ ಮೇಲೆ ಟೀಚರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಮಂಗಳೂರಿನ ಆಸ್ಪತ್ರೆಗೆ ಹದಿನೈದು ದಿನಕ್ಕೊಮ್ಮೆ ಹೋಗಬೇಕಿತ್ತು. ಅಣ್ಣ ಕಾರು ಮಾಡಿಕೊಡುತ್ತೇನೆಂದರು. ಇವರು ಒಪ್ಪಲಿಲ್ಲ, ವ್ಯಾನಿನಲ್ಲೇ ಹೋಗುವುದು, ನಾನು ಓಡಿಸುವುದು, ಅವರು ಹಿಂದೆ ಮಲಗುವುದು. ಬರುವಾಗ ತಲಪಾಡಿಯ ಹತ್ತಿರ ಕಡಲಿನ ಕಡೆ ತಿರುಗಿಸಲು ಹೇಳುತ್ತಿದ್ದರು. ಬಾಗಿಲು ತೆರೆದು ಒಂದು ಗಂಟೆ ಗಾಳಿಗೆ ಮುಖ ಒಡ್ಡಿ ಮಲಗುತ್ತಿದ್ದರು. ಕಾಯಿಲೆಯವಳನ್ನು ಈ ಗಾಳಿಗೆ ಹಾಕುತ್ತೀಯಲ್ಲ ಅಂತ ಅಣ್ಣ ಒಮ್ಮೆ ನನಗೆ ಫೋನಿನಲ್ಲಿ ಗದರಿದರು. ಟೀಚರ್ ಫೋನ್ ತೆಗೆದುಕೊಂಡು, "ಕಾಯಿಲೆ ನಂದು ಅಣ್ಣ. ಗಾಳಿಯೂ ನಂದೇ ಆಗ್ಲಿ," ಎಂದರು. ಅದೇ ಮಳೆಗಾಲದಲ್ಲಿ ತೀರಿಕೊಂಡರು.

ಉತ್ತರಕ್ರಿಯೆಯ ದಿನ ಊಟದ ಪಂಕ್ತಿಯಲ್ಲಿ ನನ್ನ ಎದುರು ಕೂತ ನೆಂಟರೊಬ್ಬರು, "ಪಾಪ, ಇಷ್ಟು ಜನ ಇದ್ದೂ ಅವಳಿಗೆ ತನ್ನದೂಂತ ಒಂದು ಮನೆ ಇರ್ಲಿಲ್ಲ. ಕೊನೆಗೆ ಗಾಡಿಯಲ್ಲಿ ಮಲಗುವ ಗತಿ ಬಂತು," ಎಂದರು. ನಾಲ್ಕೈದು ಜನ ಹೌದು ಹೌದು ಎಂದು ತಲೆಯಾಡಿಸಿದರು. ಪಂಕ್ತಿಯಲ್ಲಿ ನಾನು ಎಂದೂ ದೊಡ್ಡ ದನಿಯಲ್ಲಿ ಮಾತಾಡಿದವಳಲ್ಲ. ಅವತ್ತು ಕೈ ಎಲೆಯ ಮೇಲೇ ನಿಂತಿತು.

"ಗತಿ ಬಂದದ್ದಲ್ಲ," ಎಂದೆ. "ಅವರಿಗೆ ಬೇಕಿತ್ತು, ಮಲಗಿದರು. ಪಾಪ ಅಂತ ಹೇಳ್ಬೇಡಿ."

ಬಡಿಸುವವರು ಸಾರಿನ ಬಾಲ್ದಿ ಹಿಡಿದು ನಿಂತೇ ಇದ್ದರು. ಊಟದ ಮೇಲೆ ನಾನು ಹಿತ್ತಲಿಗೆ ಹೋಗಿ ನೋಡಿದೆ. ವ್ಯಾನು ನಿಲ್ಲುತ್ತಿದ್ದ ಜಾಗ ಖಾಲಿ. ಅಣ್ಣ ಹಿಂದೆಯೇ ಬಂದಿದ್ದರು. "ಗುಜರಿಯವರಿಗೆ ಕೊಟ್ಟೆ, ಮೊನ್ನೆ. ಬೆಳಿಗ್ಗೆ ಎದ್ದ ಕೂಡ್ಲೆ ಅದೇ ಕಾಣ್ತಿತ್ತು ಮಗಾ... ನನ್ನಿಂದ ನೋಡ್ಲಿಕ್ಕಾಗ್ಲಿಲ್ಲ." ನನಗೆ ಬಯ್ಯಬೇಕೆಂದಿತ್ತು. ಅವರ ಮುಖ ನೋಡಿದ ಮೇಲೆ ಆಗಲಿಲ್ಲ. ನನಗೆ ಕೊಡಿ ಅಂತ ಒಂದು ವಾರ ಮೊದಲೇ ಹೇಳಬಹುದಿತ್ತು, ಹೇಳಲಿಲ್ಲ. ಆ ತಪ್ಪು ನನ್ನದೇ.

ಈ ವರ್ಷ ನಾನೂ ಒಂದು ಹಳೆಯ ವ್ಯಾನು ತೆಗೆದುಕೊಂಡೆ. ಹೋದ ಶನಿವಾರ ಮಗಳನ್ನು ಕರೆದುಕೊಂಡು ಆ ಕಡಲತೀರಕ್ಕೆ ಹೋದೆ. ನಾವು ಚಾಪೆ ಹಾಸಿದ್ದ ಜಾಗವನ್ನು ಕಡಲು ತಿಂದಿದೆ. ಗಾಳಿಮರಗಳಲ್ಲಿ ಉಳಿದದ್ದು ಮೂರು. ಉಳಿದ ಕಡೆ ಉದ್ದಕ್ಕೂ ಕಪ್ಪು ಕಲ್ಲಿನ ತಡೆಗೋಡೆ. ನೀರು ಕೊಟ್ಟಿದ್ದವರ ಮನೆಯವರು ಒಳಗಿನ ಊರಿಗೆ ಹೋಗಿದ್ದಾರಂತೆ. ಕಲ್ಲಿನ ಹಿಂದೆ ರಸ್ತೆಯ ಬದಿಯಲ್ಲಿ ವ್ಯಾನು ಹಿಡಿಸುವಷ್ಟು ಮಣ್ಣಿತ್ತು. ಅಲ್ಲಿ ನಿಲ್ಲಿಸಿ ಒಲೆ ಇಳಿಸಿದೆ. ಮಗಳು ಕಲ್ಲಿನ ಮೇಲೆ ಹತ್ತಿ ಕೂತು, "ಟೀಚರ್ ಇದ್ದಿದ್ರೆ ಎಂತ ಹೇಳ್ತಿದ್ರು ಅಮ್ಮ?" ಎಂದು ಕೇಳಿದಳು. ಅವರ ದನಿಯಲ್ಲಿ ಒಂದು ಮಾತು ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ... ಅಷ್ಟು ಬೇಗ ದನಿಯೂ ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ರಸ್ತೆಯ ಆಚೆ ಬದಿಯ ಮನೆಯಿಂದ ಒಬ್ಬ ಹಿರಿಯರು ಗೇಟಿನವರೆಗೆ ಬಂದು ನಿಂತು ನಮ್ಮನ್ನೇ ನೋಡುತ್ತಿದ್ದರು. ಕೊನೆಗೆ ಕೂಗಿ ಕೇಳಿದರು: "ಯಾರನ್ನು ನೋಡ್ಲಿಕ್ಕೆ ಬಂದದ್ದಮ್ಮ?"

"ನೋಡ್ಬೇಕಾದವರು ಈಗ ಇಲ್ಲ," ಎಂದೆ. "ನಾವು ಇವತ್ತು ಇಲ್ಲೇ ಇರ್ತೇವೆ."