ಅಣ್ಣನ ಹಾಜರಿ

ಅವ್ವ ತೀರಿಕೊಂಡ ಇಪ್ಪತ್ತನೆಯ ದಿನ ಅದು ಶುರುವಾಯಿತು. ಸ್ಕೂಲಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದೆ. ಹಿತ್ತಿಲಿನಲ್ಲಿ ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆಯುವಂಥ ಸದ್ದು. ನನ್ನ ಹೆಂಡತಿ ನಿಂಗಮ್ಮ ಬಟ್ಟೆ ಒಗೆಯುತ್ತಿದ್ದಾಳೆ ಎಂದುಕೊಂಡೆ. ತಿರುಗಿ ನೋಡಿದರೆ ನಿಂಗಮ್ಮ ಒಲೆಯ ಮುಂದೆ ಇದ್ದಳು.

ಅಣ್ಣ ಬಚ್ಚಲ ಗೋಡೆಗೆ ಒರಗಿ ಕುಳಿತಿದ್ದ. ಬಲಗೈ ಮುಷ್ಟಿ ಬಿಗಿದು ತನ್ನ ಬಲಗಿವಿಗೆ ತಾನೇ ಹೊಡೆದುಕೊಳ್ಳುತ್ತಿದ್ದ.

ಕೈ ಹಿಡಿದೆ. ಬಿಟ್ಟ ಕೂಡಲೇ ಮತ್ತೆ ಹೊಡೆದುಕೊಂಡ. ಅಳುತ್ತಿರಲಿಲ್ಲ. ಕೋಪವೂ ಕಾಣಲಿಲ್ಲ. ಅದು ಯಾರೋ ಬೇರೆಯವರ ಕಿವಿ ಎಂಬಂತೆ ಹೊಡೆಯುತ್ತಿದ್ದ. ನಿಂಗಮ್ಮ ಓಡಿಬಂದು ಒಂದು ಅಚ್ಚು ಬೆಲ್ಲವನ್ನು ನನ್ನ ಕೈಗೆ ಕೊಟ್ಟಳು. ಅವನ ಬಾಯಿಗಿಟ್ಟೆ. ನಿಂತಿತು. ಅಬ್ಬ ಎನಿಸಿತು. ಸ್ಕೂಲಿಗೆ ಹೋದೆ.

ಅಣ್ಣನ ಹೆಸರು ಮರೀಗೌಡ. ನನಗಿಂತ ಆರು ವರ್ಷ ದೊಡ್ಡವನು. ಹುಟ್ಟಿದಾಗಿನಿಂದ ಮಾತು ಬರಲಿಲ್ಲ. ಮೈ ಬೆಳೆಯಿತು, ಬುದ್ಧಿ ಎರಡು ಮೂರು ವರ್ಷದ ಮಗುವಿನಷ್ಟಕ್ಕೇ ನಿಂತಿತು. ಹೊಳಲಿನ ನಮ್ಮ ಮನೆಯಲ್ಲಿ ಮೂವತ್ತನಾಲ್ಕು ವರ್ಷ ಅವ್ವನೇ ಅವನನ್ನು ನೋಡಿಕೊಂಡಳು. ಅವನಿಗೆ ಹಸಿವೋ, ನೀರಡಿಕೆಯೋ, ಹೊಟ್ಟೆನೋವೋ, ಅವ್ವನಿಗೆ ತಿಳಿಯುತ್ತಿತ್ತು. ಹೇಗೆ ತಿಳಿಯುತ್ತದೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಹಬ್ಬದ ದಿನ ಮಾತ್ರ ಅವ್ವ ನನ್ನನ್ನು ಕರೆದು, ‘ಅಣ್ಣನ ಕಾಲ್ಗೆ ಬೀಳ್ಲಾ’ ಎನ್ನುತ್ತಿದ್ದಳು. ಬೀಳುತ್ತಿದ್ದೆ. ಅಷ್ಟೇ ನನಗೂ ಅವನಿಗೂ ಇದ್ದ ವ್ಯವಹಾರ. ನಾನು ಓದಿದೆ, ಪ್ರೈಮರಿ ಸ್ಕೂಲ್ ಮೇಷ್ಟ್ರಾದೆ, ಕಿರುಗಾವಲಿನಲ್ಲಿ ಮನೆ ಮಾಡಿದೆ. ಅವ್ವನ ತಿಥಿ ಮುಗಿಸಿ ಅವನನ್ನು ಇಲ್ಲಿಗೆ ಕರೆತಂದೆ. ಬೇರೆ ಯಾರೂ ಇರಲಿಲ್ಲ.

ಮೊದಲು ದಿನಕ್ಕೆ ಒಂದು ಸಲ. ಒಂದು ತಿಂಗಳಲ್ಲಿ ಲೆಕ್ಕ ತಪ್ಪಿತು. ಕಿವಿ ಊದಿ ಮುದ್ದೆಯಂತಾಯಿತು. ಪೆಟ್ಟು ಕಣ್ಣಿನ ಪಕ್ಕಕ್ಕೂ ಬೀಳತೊಡಗಿತು. ಹೊಡೆದುಕೊಂಡಾಗಲೆಲ್ಲ ಓಡಿಹೋಗುತ್ತಿದ್ದೆವು, ಸಮಾಧಾನ ಮಾಡುತ್ತಿದ್ದೆವು, ಬೆಲ್ಲ ಕೊಡುತ್ತಿದ್ದೆವು. ಸ್ನಾನ ಮಾಡಿಸುವಾಗ ಹೊಡೆದುಕೊಂಡರೆ ಸ್ನಾನ ಬಿಡುತ್ತಿದ್ದೆವು. ಕೊನೆಗೆ ಅವ್ವನ ಹಳೆಯ ಸೀರೆ ಹರಿದು ಅವನ ಕೈಗಳನ್ನು ಬೆನ್ನ ಹಿಂದೆ ಕಟ್ಟಿದೆ. ಮಣಿಕಟ್ಟು ಹುಣ್ಣಾಯಿತು.

ನಿಂಗಮ್ಮನ ಕಷ್ಟ ನನಗಿಂತ ದೊಡ್ಡದು. ಅವಳಿಗೆ ಅವನು ಬಾವ. ಬಾವನ ಎದುರು ನಿಲ್ಲಬಾರದು, ಬಾವನನ್ನು ಮುಟ್ಟಬಾರದು ಎಂದು ಬೆಳೆದವಳು. ನಾನಿಲ್ಲದಾಗ ಅವನು ಹೊಡೆದುಕೊಂಡರೆ ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಂತು ಬೆಲ್ಲ ನೂಕುತ್ತಿದ್ದಳು.

ಒಂದು ಸಂಜೆ ಹೇಳಿದಳು: “ನೀವು ಇಸ್ಕೂಲ್ಗೆ ಓಯ್ತೀರಿ. ದಿನಾ ಪೂರ್ತಿ ಆ ಸದ್ದ ಕೇಳೋಳು ನಾನು ಕಣ್ರೀ.”

 

ಬೆಳಕವಾಡಿಯಿಂದ ಸೋದರಮಾವ ಬಂದ. ಕಟ್ಟಿದ ಕೈ ನೋಡಿದ, ಕಿವಿ ನೋಡಿದ. ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದ: “ನೋಡ್ಲಾ ಮಗ, ನಿಮ್ಮವ್ವ ಇದ್ಲು, ನೋಡ್ಕಂಡ್ಲು. ಈಗ ಆಯ್ತು. ಬೆಂಗ್ಳೂರ್ನಾಗೆ ತಲೆ ಕೆಟ್ಟೋರ್ಗೆ ಅಂತ ಉಚ್ಚಾಸ್ಪತ್ರೆ ಅದಂತೆ. ಅಲ್ಲಿ ಬುಟ್ಬುಟ್ಟು ಬಾ. ನೀನೂ ಬದುಕ್ಬೇಕು ಕಣ್ಲಾ.”

ಅವನು ಕೆಟ್ಟವನಲ್ಲ. ನನ್ನ ಮನಸ್ಸಿನಲ್ಲಿದ್ದುದನ್ನೇ ಹೇಳಿದ. ಅದಕ್ಕೇ ಅವನ ಮೇಲೆ ಸಿಟ್ಟು ಬಂತು.

ಒಬ್ಬ ಡಾಕ್ಟರು ಮಂಕು ಬರಿಸುವ ಬ್ರೋಮೈಡ್ ಮಿಕ್ಸ್ಚರ್ ಕೊಟ್ಟರು. ಕೈಗಳ ಕಟ್ಟು ಬಿಚ್ಚಿದೆ. ಅಣ್ಣ ನಿದ್ದೆ ಮಾಡಿದ, ಜೊಲ್ಲು ಸುರಿಸಿದ, ಗೋಡೆ ಹಿಡಿದು ನಡೆದ. ಎಚ್ಚರ ಇದ್ದಷ್ಟು ಹೊತ್ತು ಹೊಡೆದುಕೊಂಡ. ಔಷಧಿ ನಿಲ್ಲಿಸಿದೆ.

ಒಂದು ಶನಿವಾರ ಸ್ಕೂಲಿನಿಂದ ಬಂದಾಗ ಬೆತ್ತ ಕೈಯಲ್ಲೇ ಇತ್ತು. ಒಳಗೆ ಅದೇ ಸದ್ದು. ಇಡೀ ವಾರದ ಆಯಾಸ ಒಮ್ಮೆಲೇ ತಲೆಗೇರಿತು.

ನಾನು ಅಣ್ಣನಿಗೆ ಹೊಡೆದೆ.

ಹುಡುಗರಿಗೆ ಹೊಡೆಯುವ ಹಾಗೆ, ಬಲಗೈ ಬಿಡಿಸಿ ಅಂಗೈ ಮೇಲೆ. ಎರಡಲ್ಲ, ನಾಲ್ಕೈದು. ಅವನು ಅಂಗೈ ನೋಡಿಕೊಂಡ. ನನ್ನ ಮುಖ ನೋಡಿದ. ಆಮೇಲೆ ಅದೇ ಕೈ ಮುಚ್ಚಿ ಕಿವಿಗೆ ಹೊಡೆದುಕೊಂಡ.

ಸೋಮವಾರ ರಜೆ ಹಾಕಿ ಅವನನ್ನು ಮಂಡ್ಯಕ್ಕೆ ಕರೆದುಕೊಂಡು ಹೋದೆ. ಯುದ್ಧದ ಕಾಲ, ಪೆಟ್ರೋಲ್ ಸಿಗುತ್ತಿರಲಿಲ್ಲ. ಬಸ್ಸು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಮಳವಳ್ಳಿಯಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಅವನ ಎರಡು ಕೈಗಳನ್ನೂ ನನ್ನ ಮಡಿಲಲ್ಲಿ ಹಿಡಿದುಕೊಂಡಿದ್ದೆ. ಪಕ್ಕದ ಹೆಂಗಸು ಮಗುವನ್ನೆತ್ತಿಕೊಂಡು ಬೇರೆ ಕಡೆ ಹೋಗಿ ಕುಳಿತಳು.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ತಾವೇ ದಣಿದಂತಿದ್ದರು. ಟಾರ್ಚ್ ಬಿಟ್ಟು ಕಿವಿ ನೋಡಿದರು. ಕಣ್ಣಿನ ರೆಪ್ಪೆ ಎತ್ತಿ ನೋಡಿದರು.

“ಬಲಗಡೆ ಈಯರ್ ಡ್ರಮ್ ಹೋಗಿದೆ. ಕಣ್ಣು ಇನ್ನೂ ಇದೆ. ಹೀಗೇ ನಡೆದರೆ ಅದೂ ಉಳಿಯಲ್ಲ.”

ಆಮೇಲೆ ಅವನ ಅಂಗೈ ನೋಡಿದರು. “ಇದು?”

“ನಾನೇ, ಸಾರ್.”

ಡಾಕ್ಟರು ಆ ಅಂಗೈಯನ್ನು ಮೆಲ್ಲಗೆ ಮಡಿಚಿ ಅವನ ತೊಡೆಯ ಮೇಲಿಟ್ಟರು. “ತನಗೆ ತಾನೇ ಹೊಡ್ಕೊಳ್ಳೋನಿಗೆ ನೀವೂ ಹೊಡೆದ್ರೆ, ಅವನಿಗೆ ಹೊಸದಾಗಿ ಏನು ತಿಳಿಯುತ್ತೆ, ಮೇಷ್ಟ್ರೇ?”



ಇದಕ್ಕೆ ಔಷಧಿ ಇಲ್ಲ ಎಂದರು. ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳಲು ಕಾಗದ ಬರೆದು ಕೊಟ್ಟರು. “ಇದನ್ನ ಇಟ್ಕೊಳ್ಳಿ. ಕಳಿಸೋಕೆ ಮುಂಚೆ ಒಂದು ಕೆಲಸ ಮಾಡಿ. ಯಾವಾಗ ಹೊಡ್ಕೊಳ್ತಾನೆ?”

“ಯಾವಾಗಲೂ, ಸಾರ್.”

“ಯಾವಾಗಲೂ ಅನ್ನೋದು ಸುಸ್ತಾದವರ ಮಾತು. ಹುಡುಗರ ಹಾಜರಿ ಬರೀತೀರಲ್ಲ, ಇವನದ್ದೂ ಬರೀರಿ. ಹೊಡ್ಕೊಳ್ಳೋಕೆ ಮುಂಚೆ ಏನಾಯ್ತು, ಹೊಡ್ಕೊಂಡ ಮೇಲೆ ಏನು ಸಿಕ್ತು. ಅದೆರಡೇ. ಹದಿನೈದು ದಿನ ಬಿಟ್ಟು ತನ್ನಿ.”

ಒಂದು ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಿಗೆ ಗೆರೆ ಎಳೆದು ಎರಡು ಅಂಕಣ ಮಾಡಿದೆ: ಮುಂಚೆ, ಆಮೇಲೆ. ನಿಂಗಮ್ಮನಿಗೆ ಓದು ಬರಹ ಬರದು. ನಾನಿಲ್ಲದಾಗ ಅವನು ಹೊಡೆದುಕೊಂಡ ಪ್ರತಿ ಸಲಕ್ಕೂ ಒಂದು ಹುಣಿಸೆ ಬೀಜವನ್ನು ಕುಡಿಕೆಗೆ ಹಾಕುತ್ತಿದ್ದಳು. ಸಂಜೆ ಬೀಜಗಳನ್ನು ಸುರುವಿಕೊಂಡು ಒಂದೊಂದನ್ನೇ ಎತ್ತಿ ಹೇಳುತ್ತಿದ್ದಳು: “ಇದು ರಾಗಿ ಇಟ್ಟು ಬಡಿಸಿ ಉಣ್ಣು ಉಣ್ಣು ಅಂದಾಗ. ಇದು ಮಧ್ಯಾನ, ಏನೂ ಇಲ್ದೆ ಸುಮ್ಕೆ ಕುಂತಿದ್ದಾಗ. ಇದು ಬೀದೀಲಿ ಗಲಾಟೆ ಆದಾಗ.” ಯಾವ ಬೀಜ ಯಾವುದೆಂದು ಅವಳಿಗೆ ಹೇಗೆ ನೆನಪಿರುತ್ತಿತ್ತೋ. ನಾನು ಬರೆದುಕೊಳ್ಳುತ್ತಿದ್ದೆ.

ಹದಿನೈದು ದಿನಕ್ಕೆ ಹಾಳೆ ತುಂಬಿತು. ಡಾಕ್ಟರು ನೋಡುವ ಮೊದಲೇ ನನಗೆ ಕಂಡಿತು. ಎರಡನೆಯ ಅಂಕಣದಲ್ಲಿ ಬರೆದದ್ದೆಲ್ಲ ಒಂದೇ: ಬೆಲ್ಲ ಸಿಕ್ಕಿತು. ಓಡಿಬಂದೆವು. ಸ್ನಾನ ನಿಲ್ಲಿಸಿದೆವು. ತಟ್ಟೆ ತೆಗೆದೆವು. ಹೊಡೆದುಕೊಂಡರೆ ಬೇಕಾದದ್ದು ಬರುತ್ತದೆ, ಬೇಡವಾದದ್ದು ಹೋಗುತ್ತದೆ. ಅವ್ವನಿಗೆ ಇದೆಲ್ಲ ಅವನ ಮುಖದಲ್ಲೇ ಕಾಣುತ್ತಿತ್ತು. ನಮಗೆ ಕಾಣುತ್ತಿರಲಿಲ್ಲ. ಆದ್ದರಿಂದ ಅವನು ನಮಗೆ ಕೇಳಿಸುವ ಹಾಗೆ ಹೇಳುತ್ತಿದ್ದ. ಕೇಳಿಸುವ ಹಾಗೆ ಹೇಳಲು ಅವನ ಹತ್ತಿರ ಇದ್ದದ್ದು ಒಂದು ಮುಷ್ಟಿ, ಒಂದು ಕಿವಿ.

ಡಾಕ್ಟರು ಹಾಳೆಯನ್ನು ಎರಡು ಸಲ ಓದಿದರು. “ಹಾಗಾದ್ರೆ ಅವನಿಗೆ ಬೇರೆ ಮಾತು ಕಲಿಸಿ,” ಎಂದರು. ಬೇಕು ಎನ್ನಲು ಒಂದು ಸನ್ನೆ, ಸಾಕು ಎನ್ನಲು ಒಂದು ಸನ್ನೆ. ಸನ್ನೆ ಮಾಡಿದ ಕ್ಷಣವೇ ಕೊಡಬೇಕು, ಅಥವಾ ನಿಲ್ಲಿಸಬೇಕು. ಹೊಡೆದುಕೊಂಡರೆ ಕಿವಿಗೆ ದಿಂಬು ಅಡ್ಡ ಹಿಡಿಯಬೇಕು. ಬೈಯಬಾರದು, ಮುದ್ದು ಮಾಡಬಾರದು, ಬೆಲ್ಲವಂತೂ ಕೂಡದು. ಖಾಲಿ ಹೊತ್ತಿಗೆ ಕೈಗೆ ಏನಾದರೂ ಕೆಲಸ ಕೊಡಬೇಕು.

“ಮೊದಲು ಜಾಸ್ತಿ ಆಗುತ್ತೆ. ಹೆದರಿ ಬೆಲ್ಲ ಕೊಟ್ರೆ, ಇನ್ನೂ ಜೋರಾಗಿ ಹೊಡ್ಕೊಂಡ್ರೆ ಸಿಗುತ್ತೆ ಅಂತ ನೀವೇ ಪಾಠ ಹೇಳಿಕೊಟ್ಟ ಹಾಗೆ.”

ಬೇಸಿಗೆ ರಜಕ್ಕೆ ಕಾದು ಶುರು ಮಾಡಿದೆವು. ಬೇಕು ಎಂದರೆ ಅಂಗೈ ಚಾಚುವುದು. ಸಾಕು ಎಂದರೆ ಎದುರಿಗಿದ್ದವರ ತೋಳಿನ ಮೇಲೆ ಕೈ ಇಡುವುದು. ಕಲಿಸಬೇಕಾದರೆ ಅವನ ಕೈ ಹಿಡಿದು ಇಡಿಸಬೇಕು. ನಿಂಗಮ್ಮ ಎರಡು ದಿನ ದೂರವೇ ನಿಂತಳು.

“ಬಾವನೋರ್ನ ಎಂಗ್ರೀ ಮುಟ್ಲಿ?”

“ನಾನೇ ಮಾಡ್ತೀನಿ, ಬಿಡು.”

“ನೀವ್ ಇಸ್ಕೂಲ್ಗೆ ಓದ್ಮೇಲೆ?”

ಮೂರನೆಯ ದಿನ ಅವಳೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವನ ಎದುರು ಕುಳಿತಳು. ಅವನ ಕೈ ಹಿಡಿದು ತನ್ನ ತೋಳಿನ ಮೇಲೆ ಇಟ್ಟುಕೊಂಡಳು. “ಸಾಕು. ಇಂಗೆ. ಸಾಕು.” ನಾನು ಹೊರಗೆ ಹೋಗಿ ನಿಂತೆ.

ಡಾಕ್ಟರು ಹೇಳಿದಂತೆಯೇ ಆಯಿತು. ಬೆಲ್ಲ ಬರುವುದಿಲ್ಲ ಎಂದು ತಿಳಿದಾಗ ಅಣ್ಣ ಎಂದೂ ಹೊಡೆದುಕೊಳ್ಳದಷ್ಟು ಹೊಡೆದುಕೊಂಡ. ದಿಂಬು ಹಿಡಿದು ಹಿಡಿದು ನನ್ನ ಭುಜ ಸೆಟೆದುಕೊಂಡಿತು. ಅವನ ಹೊಡೆತಕ್ಕೆ ನನ್ನ ಬೆರಳು ಒಂದು ಊದಿತು. ನಾನೂ ನಿಂಗಮ್ಮನೂ ಸರದಿಯ ಮೇಲೆ ಉಣ್ಣುತ್ತಿದ್ದೆವು. ಕುಡಿಕೆ ತುಂಬಿ ಬೀಜ ನೆಲಕ್ಕೆ ಬೀಳುತ್ತಿತ್ತು. ಬೀದಿಯವರು ಬಾಗಿಲಲ್ಲಿ ನಿಂತು, “ಅದೇನ್ ಮೇಷ್ಟ್ರೇ, ವಡ್ಕೊಳದ ನೋಡ್ಕೊಂಡ್ ಸುಮ್ಕೆ ಕುಂತಿದ್ದೀರಿ” ಎಂದರು. ಆರನೆಯ ದಿನ ನಿಂಗಮ್ಮ ತಡೆಯಲಾರದೆ ಬೆಲ್ಲ ಕೊಟ್ಟುಬಿಟ್ಟಳು. ಕೊಟ್ಟು, ಗೋಡೆಗೆ ಮುಖ ಮಾಡಿ ಅತ್ತಳು. ಪೆಟ್ಟಿಗೆಯಿಂದ ಬೆಂಗಳೂರಿನ ಕಾಗದ ತೆಗೆದೆ.

“ನಾಳೆ ಹೋಗ್ತೀನಿ,” ಎಂದೆ.

ಅವಳು ಕಣ್ಣೊರೆಸಿಕೊಂಡು ಕಾಗದ ನೋಡಿದಳು. “ಅಲ್ಲಿ ಯಾರು ಕುಡ್ಕೆಗೆ ಬೀಜ ಆಕಾರು?”

ನಾನು ಹೋಗಲಿಲ್ಲ. ಮರುದಿನ ಮತ್ತೆ ಮೊದಲಿನಿಂದ ಶುರು ಮಾಡಿದೆವು.

ಅದಾಗಿ ಎಷ್ಟು ದಿನಕ್ಕೋ, ಒಂದು ಬೆಳಿಗ್ಗೆ ಅಣ್ಣನ ತಲೆಗೆ ಸೀಗೆಪುಡಿ ಹಾಕಿ ಉಜ್ಜುತ್ತಿದ್ದೆ. ಅವನ ಬಲಗೈ ಮೇಲೆದ್ದಿತು. ದಿಂಬು ಬಚ್ಚಲಿನ ಹೊರಗಿತ್ತು. ಮೈ ಬಿಗಿ ಹಿಡಿದೆ.

ಕೈ ನನ್ನ ತೋಳಿನ ಮೇಲೆ ಬಂದು ಕುಳಿತಿತು.

ನಾನು ಹಿಡಿದು ಇಡಿಸಿದ್ದಲ್ಲ. ಅವನೇ ಇಟ್ಟದ್ದು. ಉಜ್ಜುವುದು ನಿಲ್ಲಿಸಿದೆ. ತಂಬಿಗೆ ಕೆಳಗಿಟ್ಟೆ. “ಆಯ್ತಣ್ಣ. ಸಾಕು,” ಎಂದೆ. ಅವನು ನನ್ನನ್ನೇ ನೋಡಿದ. ನಿಜವಾಗಿಯೂ ನಿಂತಿತೇ ಎಂದು ನೋಡುವ ಹಾಗೆ. ಅರ್ಧ ತಲೆಯಲ್ಲಿ ಸೀಗೆಪುಡಿ ಹಾಗೇ ಇತ್ತು. ಅಂದು ಸಂಜೆಯವರೆಗೂ ಅದನ್ನು ಹೊತ್ತುಕೊಂಡೇ ಓಡಾಡಿದ. ನಿಂಗಮ್ಮ ಅವನನ್ನು ನೋಡಿದಾಗಲೆಲ್ಲ ನಗುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಈ ಮನೆಯಲ್ಲಿ ಯಾರೋ ನಕ್ಕರು.

ವಾಸಿಯಾಯಿತು ಎಂದು ನಾನು ಹೇಳಲಾರೆ. ಬಲಗಿವಿ ಕೇಳಿಸುವುದಿಲ್ಲ. ಕಣ್ಣು ಉಳಿಯಿತು. ಬೀದಿಯಲ್ಲಿ ಗಲಾಟೆಯಾದ ದಿನ, ಜ್ವರ ಬಂದ ದಿನ ಈಗಲೂ ಹೊಡೆದುಕೊಳ್ಳುತ್ತಾನೆ. ವಾರವೆಲ್ಲ ಕುಡಿಕೆ ಖಾಲಿ ಇದ್ದು, ಒಂದೇ ದಿನದಲ್ಲಿ ಹತ್ತು ಬೀಜ ಬಿದ್ದದ್ದೂ ಉಂಟು. ಅಂಥ ದಿನ ಮತ್ತೆ ಎಲ್ಲ ಮೊದಲಿನಂತಾಯಿತು ಎನಿಸುತ್ತದೆ. ಮಣಿಕಟ್ಟಿನ ಹುಣ್ಣು ಮಾಯ್ದು ಬಿಳಿ ಗೆರೆ ಉಳಿದಿದೆ. ಅದು ನಾನು ಕಟ್ಟಿದ್ದು. ಬೆಂಗಳೂರಿನ ಕಾಗದ ಪೆಟ್ಟಿಗೆಯಲ್ಲಿದೆ. ಹರಿದು ಹಾಕುವಷ್ಟು ಧೈರ್ಯ ಬಂದಿಲ್ಲ. ಸ್ಕೂಲಿನಲ್ಲಿ ಬೆತ್ತ ಮುಟ್ಟುವುದು ಬಿಟ್ಟಿದ್ದೇನೆ. ಹುಡುಗರ ಗಲಾಟೆ ಹೆಚ್ಚಾಗಿದೆ ಎಂದು ಹೆಡ್‌ಮಾಸ್ಟರು ಎರಡು ಸಲ ಹೇಳಿದರು.

ಮಂಡ್ಯದ ಆ ಡಾಕ್ಟರಿಗೆ ವರ್ಗವಾಯಿತಂತೆ. ಧನ್ಯವಾದ ಹೇಳಲು ಹೋದಾಗ ಅವರ ಕುರ್ಚಿಯಲ್ಲಿ ಬೇರೆಯವರು ಇದ್ದರು. ಸುಮ್ಮನೆ ಕೈಮುಗಿದು ಬಂದೆ.

ಈಗ ಅವರೆಕಾಯಿಯ ಕಾಲ. ಹೋದ ಭಾನುವಾರ ಮಧ್ಯಾಹ್ನ ಊಟ ಮಾಡಿ ಜಗಲಿಯ ಮೇಲೆ ಹಾಗೇ ಒರಗಿದವನಿಗೆ ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ಬಿಸಿಲು ಎದುರು ಮನೆಯ ಗೋಡೆ ಏರಿತ್ತು. ಒಳಗೆ ಏನೂ ಸದ್ದಿಲ್ಲ. ಎದ್ದು ಓಡಿದೆ.

ನಡುಮನೆಯಲ್ಲಿ ಮೊರದ ಆಚೆ ಈಚೆ ಇಬ್ಬರೂ ಕುಳಿತಿದ್ದರು. ಅಣ್ಣ ಅವರೆಕಾಯಿ ಸುಲಿದು ಕಾಳನ್ನು ಸಿಪ್ಪೆಯ ಗುಡ್ಡೆಗೆ, ಸಿಪ್ಪೆಯನ್ನು ಮೊರಕ್ಕೆ ಹಾಕುತ್ತಿದ್ದ. ನಿಂಗಮ್ಮ ಒಂದೊಂದನ್ನೇ ಹೆಕ್ಕಿ ಬೇರೆ ಮಾಡುತ್ತಿದ್ದಳು.

“ಯಾಕಂಗ್ ಓಡ್ಬಂದ್ರಿ?”

“ಸದ್ದೇ ಕೇಳಿಸ್ಲಿಲ್ಲ.”

“ಇಲ್ದೆ ಇರೋ ಸದ್ದಿಗೆ ಎದ್ಬಂದ್ರಾ?” ಎಂದಳು. “ಓಗಿ, ಇನ್ನೂ ವಸಿ ಮನೀಕಳಿ. ನಾನಿಲ್ಲೇ ಇವ್ನಿ.”

ಹೋಗಿ ಮಲಗಿದೆ. ನಿದ್ದೆ ಬಂತು.